ಆಮೆ ತತ್ತಿಯ ಪಾಲು

ಶಂಕ್ರೆವ್ವನಿಗೆ ಆ ಬೇಸಿಗೆಯಲ್ಲಿ ಅನ್ನ ಸೇರದಂತೆ ಮಾಡಿದ್ದು ಒಂದು ಆಮೆ. ಬಂಗಾರ, ರೇಷ್ಮೆ ಸೀರೆ, ಹಯನದ ಎಮ್ಮೆ ಎಂದು ಹೊಟ್ಟೆ ಉರಿಸಿಕೊಳ್ಳುವುದಕ್ಕೆ ಸಾರವಾಡದಲ್ಲಿ ಬೇಕಾದಷ್ಟು ವಸ್ತುಗಳಿದ್ದವು. ಅವನ್ನೆಲ್ಲ ಬಿಟ್ಟು ಅವಳು ಬೆನ್ನ ಮೇಲೆ ಕರಿ ಚಿಪ್ಪು ಹೊತ್ತು ತೆವಳುವ ಆಮೆಗಾಗಿ ಉರಿದಳು. ಆಮೆ ಅವಳ ಹೊಲದ್ದಾಗಿದ್ದರೆ ಕಾಲಿಂದ ತಳ್ಳಿ ಮುಂದೆ ಹೋಗುತ್ತಿದ್ದಳೇನೋ. ಅದು ನೆಗೆಣ್ಣಿ ಲಕ್ಕವ್ವನ ಹೊಲದ್ದು.

ಮಾವ ತೀರಿಕೊಂಡ ಮೇಲೆ ಡೋಣಿ ಹೊಳೆಯ ದಂಡೆಯ ಹೊಲ ಎರಡು ಪಾಲಾಗಿತ್ತು. ಹಿರಿಯ ಮಗ ಪಾಲು ಹಾಕಬೇಕು, ಕಿರಿಯ ಮಗ ಮೊದಲು ಆರಿಸಿಕೊಳ್ಳಬೇಕು. ಆ ಸೀಮೆಯ ಪದ್ಧತಿ ಅದು. ಹಾಕುವವನು ಮೋಸ ಮಾಡದಿರಲಿ ಎಂದು ಹಿರಿಯರು ಮಾಡಿದ್ದು. ಶಂಕ್ರೆವ್ವನ ಗಂಡ ಬಸಗೊಂಡಪ್ಪ ನೆಲ ಇದ್ದ ಹಾಗೆಯೇ ಮೇಲಿನ ಎರೆಹೊಲ ಒಂದು ಪಾಲು, ಕೆಳಗಿನ ಸವಳು ತಗ್ಗು ಸೇರಿದ್ದು ಇನ್ನೊಂದು ಪಾಲು ಎಂದು ನಡುವೆ ಬದು ಹಾಕಿದ. ಡೋಣಿಯ ನೀರು ಎಲ್ಲರಿಗೂ ಗೊತ್ತಿದ್ದದ್ದೇ, ಬಾಯಿಗಿಟ್ಟರೆ ಉಪ್ಪು. ಹೊಳೆ ಏರಿದಾಗ ಆ ನೀರು ತಗ್ಗಿಗೆ ನುಗ್ಗಿ ಅಲ್ಲೇ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಅದರ ಅಂಚು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಜೊಂಡು, ಜಾಲಿ ಬಿಟ್ಟರೆ ಅಲ್ಲಿ ಏನೂ ಬೆಳೆಯುತ್ತಿರಲಿಲ್ಲ. ಕಿರಿಯ ಸಿದ್ದರಾಮ ಕಣ್ಣು ಮುಚ್ಚಿಕೊಂಡು ಎರೆಹೊಲ ಆರಿಸುತ್ತಾನೆ ಎಂದು ಊರೇ ತಿಳಿದಿತ್ತು. ಆದರೆ ಅವನ ಹೆಂಡತಿ ಲಕ್ಕವ್ವ ಪಂಚರ ಮುಂದೆಯೇ, "ಯಕ್ಕ ಮೊದ್ಲ ಈ ಮನಿಗಿ ಬಂದಾಕಿ. ಛಲೋದು ಆಕಿಗೇ ಇರ್ಲಿ. ನಮಗ ತಗ್ಗು ಸಾಕು" ಎಂದುಬಿಟ್ಟಳು. ಪಂಚರು ಹಾಗೆಯೇ ಬರೆದುಕೊಂಡರು. ಅಂದಿನಿಂದ ಶಂಕ್ರೆವ್ವ ತನ್ನ ಹೊಲದ ಜೋಳದ ರೊಟ್ಟಿ ತಿನ್ನುವಾಗಲೂ ಅದು ಯಾರೋ ಬಡಿಸಿದ ರೊಟ್ಟಿಯಂತೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಆ ತಗ್ಗಿಗೇ ಯಶೋಧರಾ ಮೇಡಂ ಬಂದಳು.

ಯಶೋಧರಾ ವಿಜಯಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು, ಮನೆ ಇಬ್ರಾಹಿಂಪುರದಲ್ಲಿ. ರಜೆ ಬಂತೆಂದರೆ ಸ್ಕೂಟಿ ಹತ್ತಿ ಡೋಣಿ ದಂಡೆಗುಂಟ ಆಮೆ ಹುಡುಕುತ್ತ ಅಲೆಯುತ್ತಿದ್ದಳು. ಮೊದಲು ಸಿಕ್ಕವಳು ಶಂಕ್ರೆವ್ವನೇ. ಶಂಕ್ರೆವ್ವ ಕರೆದು ಮಜ್ಜಿಗೆ ಕೊಟ್ಟಳು, ತನ್ನ ಜವಾರಿ ಕೋಳಿಗಳನ್ನು ತೋರಿಸಿದಳು, ಟಿಕೋಟಾದ ತವರುಮನೆಯ ದ್ರಾಕ್ಷಿ ತೋಟದ ಸುದ್ದಿ ಹೇಳಿದಳು. ಮೇಡಂ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಬದು ದಾಟಿ ಲಕ್ಕವ್ವನ ತಗ್ಗಿಗೆ ಇಳಿದವಳು ಸಂಜೆತನಕ ಮೇಲೆ ಬರಲಿಲ್ಲ. ಬಂದಾಗ ಮೊಣಕಾಲತನಕ ಕೆಸರು, ಮುಖದ ತುಂಬ ನಗು.

"ಅಕ್ಕಾರ, ಇಡೀ ದಂಡಿ ತಿರುಗೇನ್ರಿ, ಇಂಥಾ ತಗ್ಗು ಎಲ್ಲೂ ಸಿಗ್ಲಿಲ್ಲ!" ಎಂದು ಅವಳು ಲಕ್ಕವ್ವನ ಕೈ ಹಿಡಿದು ಕುಣಿಸಿದಳು.

ಅಂದಿನಿಂದ ಸ್ಕೂಟಿ ಶಂಕ್ರೆವ್ವನ ಮನೆ ಮುಂದಿನಿಂದಲೇ ಹಾಯ್ದು ಲಕ್ಕವ್ವನ ಮನೆ ಮುಂದೆ ನಿಲ್ಲತೊಡಗಿತು. ಮೇಡಂ ಜೊಂಡಿನಲ್ಲಿ ಕೂತು ಆಮೆಯ ಹಿಕ್ಕೆ ಆರಿಸಿ ಡಬ್ಬಿಯಲ್ಲಿ ತುಂಬಿಕೊಳ್ಳುತ್ತಿದ್ದಳು.

"ಆಮಿ ಹೇಲು ಒಯ್ಯಾಕ ಪ್ಯಾಟಿಯಿಂದ ಬರ್ತಾಳಲ್ರೀ ಈಕಿ! ನಮ್ಮ ಎಮ್ಮಿ ಸಗಣಿ ಬುಟ್ಟಿಗಟ್ಲೆ ಬಿದ್ದೈತಿ, ಒಬ್ರೂ ಕೇಳಂಗಿಲ್ಲ" ಎಂದು ಶಂಕ್ರೆವ್ವ ಗಂಡನ ಮುಂದೆ ಸಿಡಿದಳು.

"ನೀನೂ ಒಂದು ಡಬ್ಬಿ ತುಂಬಿ ಕೊಡು. ಬ್ಯಾಡ ಅಂದ್ರ ಕೇಳು" ಎಂದ ಬಸಗೊಂಡಪ್ಪ, ತಂಬಾಕು ತಿಕ್ಕುತ್ತ.

ಆದರೆ ಆ ಹಿಕ್ಕೆಯಲ್ಲಿ ಮೇಡಂ ಕಂಡದ್ದನ್ನು ಕೇಳಿದ ಮೇಲೆ ಉರಿ ಮತ್ತಷ್ಟು ಏರಿತು. ಒಡೆದ ಬಸವನಹುಳುವಿನ ಚಿಪ್ಪು, ಹುಲ್ಲಿನ ಬೀಜ, ಸತ್ತ ಮೀನಿನ ಮುಳ್ಳು. ಹೊಳೆ ಇಳಿದಾಗ ತಗ್ಗಿನಲ್ಲಿ ಸಿಕ್ಕು ಸಾಯುವ ಮೀನುಗಳನ್ನು ಆಮೆಗಳೇ ತಿಂದು ನೀರು ನಾರದಂತೆ ನೋಡಿಕೊಳ್ಳುತ್ತವೆ ಎಂದಳು ಮೇಡಂ. ಜೊಂಡಿನ ಎಳೆ ಸುಳಿ ಕತ್ತರಿಸುವ ಹುಳುಗಳನ್ನು ಅವು ತಿನ್ನುತ್ತವೆ. ಜೊಂಡು ಉಳಿದದ್ದಕ್ಕೇ ಮಣ್ಣು ಹೊಳೆಗೆ ಹೋಗದೆ ಬದು ನಿಂತಿದೆ. ತಿಂದ ಬೀಜವನ್ನು ಇನ್ನೊಂದು ಕಡೆ ಹಾಕಿ ಬರುತ್ತವೆ. "ಇದು ಮೂಲತಃ ಸಿಹಿನೀರಿನ ಪ್ರಾಣಿ. ಇಷ್ಟು ಸವಳು ಹೆಂಗ ತಡ್ಕೊಂಡೈತಿ ಅನ್ನೋದೇ ನನ್ನ ಪ್ರಶ್ನೆ. ಮಳಿ ಬಿದ್ದಾಗ ಸಿಹಿನೀರು ಉಪ್ಪುನೀರಿನ ಮ್ಯಾಲ ತೆಳ್ಳಗ ತೇಲತೈತ್ರಿ. ಆಗ ಕತ್ತು ಚಾಚಿ ಆ ಮ್ಯಾಲಿನ ನೀರಷ್ಟೇ ಕುಡಿತಾವೇನೋ ಅಂತ ನೋಡಾಕತ್ತೇನಿ" ಎಂದೂ ಹೇಳಿದಳು.

ಲಕ್ಕವ್ವ ಈ ಮಾತನ್ನೆಲ್ಲ ಪಾಠದ ಹಾಗೆ ಒಪ್ಪಿಸತೊಡಗಿದಳು. ನೀರು ತರುವಾಗ, ಹಿಟ್ಟಿನ ಗಿರಣಿಯಲ್ಲಿ, ಬಸ್ ನಿಲ್ದಾಣದಲ್ಲಿ. ಮೇಡಂ ತೆಗೆದ ಅವಳ ಫೋಟೋ ಊರ ಹೆಂಗಸರ ಮೊಬೈಲಿನಲ್ಲೆಲ್ಲ ಓಡಾಡಿತು. ಒಂದು ದಿನ ಶಂಕ್ರೆವ್ವ ಬಬಲೇಶ್ವರದ ಸಂತೆಗೆ ಹೋದವಳು ಕುಪ್ಪಸ ಹೊಲಿಯಲು ಕೊಡಲು ಚಂದ್ರಾಬಾಯಿಯ ಅಂಗಡಿಗೆ ಹೋದಳು. ಚಂದ್ರಾಬಾಯಿ ಮುಖ ನೋಡಿ, "ನೀವು ಆಮಿ ಲಕ್ಕವ್ವನ ನೆಗೆಣ್ಣಿ ಅಲ್ಲೇನ್ರಿ?" ಎಂದಳು.

ಊರಿಗೆ ಹಿರಿಯ ಸೊಸೆ ಶಂಕ್ರೆವ್ವ. ಬಸುರಿಗೆ ಕುಬಸದ ಕಾರ್ಯವಿದ್ದರೆ ಮೊದಲ ಆರತಿ ಅವಳದ್ದು, ಬಿತ್ತುವ ಕೂರಿಗೆಗೆ ಮೊದಲ ಕುಂಕುಮ ಅವಳದ್ದು. ಆಮಿ ಲಕ್ಕವ್ವನ ನೆಗೆಣ್ಣಿ! ಅವಳು ಅರಿವೆ ಅಲ್ಲೇ ಬಿಟ್ಟು ಬಸ್ ಹತ್ತಿದಳು.

ಮೊದಲು ಅವಳು ನೆಟ್ಟಗಿನ ದಾರಿಯನ್ನೇ ಹಿಡಿದಳು. ತನ್ನ ಹೊಲದ ಬೋರಿನ ಪಕ್ಕ ಆಳವಾಗಿ ಗುಂಡಿ ತೋಡಿಸಿ ಸಿಹಿನೀರು ತುಂಬಿಸಿದಳು. ಸುತ್ತ ಜೊಂಡು ಕಿತ್ತು ತಂದು ನೆಟ್ಟಳು. ಒಂದು ಆಮೆಯಾದರೂ ಬದು ಹತ್ತಿ ಬಂದೀತು, ಮೇಡಂ ಸ್ಕೂಟಿ ಇಲ್ಲೂ ನಿಂತೀತು ಎಂದು ಕಾದಳು. ಗುಂಡಿಗೆ ಕಪ್ಪೆ ಬಂದವು. ಎಮ್ಮೆ ಬಂದು ಮಲಗಿತು. ಜೊಂಡು ಬಾಡಿತು. ಬಸಗೊಂಡಪ್ಪ ಗುಂಡಿಯಲ್ಲಿ ಕಾಲು ತೊಳೆದುಕೊಂಡು, "ಆಮಿ ಬರದಿದ್ರೇನಾತು, ನಾನು ಬಂದೇನಲ್ಲ" ಎಂದ. ಅವಳು ಚಂಬು ಎತ್ತಿ ಒಗೆದಳು. ಅವನಿಗೆ ತಾಗಲಿಲ್ಲ, ಚಂಬು ನೆಗ್ಗಿತು.

ಹೋಳಿಹುಣ್ಣಿಮೆ ಕಳೆದ ಮೇಲೆ ಒಂದು ಸಂಜೆ ಆಮೆಯೊಂದು ತಗ್ಗಿನಿಂದ ಬದುವಿಗೆ ಹತ್ತಿತು. ಹಿಂಗಾಲಿನಿಂದ ಮಣ್ಣು ಕೆದರಿ, ಉಚ್ಚೆ ಹೊಯ್ದು ಮೆತ್ತಗೆ ಮಾಡಿ, ಕುಣಿ ತೋಡಿ ತತ್ತಿ ಇಟ್ಟಿತು. ಇಟ್ಟು, ಮಣ್ಣು ಎಳೆದು, ಹೊಟ್ಟೆಯಿಂದ ಬಡಿದು ಸಪಾಟು ಮಾಡಿ, ಹೊರಳಿ ನೋಡದೆ ಇಳಿದುಹೋಯಿತು. ಮೇಡಂ ದೂರ ಕೂತು ಮೊಬೈಲಿನಲ್ಲಿ ಹಿಡಿದಳು. ಎಷ್ಟು ತತ್ತಿ ಎಂದು ಅವಳೂ ಎಣಿಸಲಿಲ್ಲ. "ಮುಟ್ಟೋದು ಬ್ಯಾಡ. ಮುಂಗಾರಿಗೆ ತಾವಾಗೇ ಬರ್ತಾವ" ಎಂದು ಮೇಲೆ ಜಾಲಿಮುಳ್ಳು ಹೊದಿಸಿ ಲಕ್ಕವ್ವನ ಕಾವಲಿಗೆ ಒಪ್ಪಿಸಿದಳು.

ಲಕ್ಕವ್ವನಿಗೆ ಒಪ್ಪಿಸಿದಳು. ಶಂಕ್ರೆವ್ವ ಪಕ್ಕದಲ್ಲೇ ನಿಂತಿದ್ದಳು.

ಆ ರಾತ್ರಿ ಅವಳ ತಲೆಯಲ್ಲಿ ಕೊರೆದದ್ದು ಒಂದೇ ಮಾತು. ಬದು ಯಾರದ್ದು? ಹೊಲ ಪಾಲಾಗಿದೆ, ಬದು ಪಾಲಾಗಿಲ್ಲ. ಬದುವಿನ ಮೇಲಿನ ಬೇವಿನ ಮರದ ಕಟ್ಟಿಗೆ ಅರ್ಧ ಅವರಿಗೆ, ಅರ್ಧ ಇವರಿಗೆ. ಬದುವಿನ ಹುಲ್ಲು ಒಂದು ಸಲ ಅವರು ಕೊಯ್ದರೆ ಒಂದು ಸಲ ಇವರು. ಹಾಗಿದ್ದ ಮೇಲೆ ಬದುವಿನಲ್ಲಿಟ್ಟ ತತ್ತಿ? ಅದು ಕಳವಲ್ಲ, ಪಾಲು. ಕೇಳಿದರೆ ಲಕ್ಕವ್ವ ಎಲ್ಲವನ್ನೂ ಕೊಟ್ಟುಬಿಡುತ್ತಾಳೆ, ಮತ್ತೆ ಊರ ತುಂಬ ದೊಡ್ಡವಳಾಗುತ್ತಾಳೆ. ಕೇಳಬಾರದು.

ಸೋಮವಾರ ಲಕ್ಕವ್ವ ವಿಜಯಪುರದ ಸಿದ್ಧೇಶ್ವರ ಗುಡಿಗೆ ಹೋದಳು. ನಡುಮಧ್ಯಾಹ್ನ, ದಂಡೆಯಲ್ಲಿ ನಾಯಿಯೂ ಇರಲಿಲ್ಲ. ಶಂಕ್ರೆವ್ವ ಮುಳ್ಳು ಸರಿಸಿ ಬೆರಳಿನಿಂದ ಮಣ್ಣು ಕೆದರಿದಳು. ಬೆಳ್ಳನೆಯ ಉದ್ದುದ್ದ ತತ್ತಿ, ಕೋಳಿ ತತ್ತಿಯಷ್ಟೇ ಗಟ್ಟಿ. ಕೈ ತೂರಿಸಿ ತಡವಿದಳು, ಆರು. ಮೇಲಿನ ಮೂರನ್ನು ತೆಗೆದುಕೊಂಡಳು, ಕೆಳಗಿನ ಮೂರನ್ನು ಅಲ್ಲೇ ಬಿಟ್ಟಳು. ಒಂದು ಹೆಚ್ಚಿಗೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಪಾಲೆಂದರೆ ಪಾಲು. ಮಣ್ಣು ಮುಚ್ಚಿ, ಮುಳ್ಳು ಮೊದಲಿದ್ದ ಹಾಗೆಯೇ ಹೊದಿಸಿ, ತತ್ತಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ತತ್ತಿ ಮರಿ ಮಾಡಿಸುವುದರಲ್ಲಿ ಸಾರವಾಡದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಬುಟ್ಟಿಗೆ ಬೂದಿ, ಹೊಟ್ಟು ಹಾಸಿ, ಕಾವಿಗೆ ಬಂದ ಹೇಂಟೆ ಕೋಳಿಯನ್ನು ಕೂರಿಸಿದಳೆಂದರೆ ಹಾಕಿದ ತತ್ತಿಯೆಲ್ಲ ಮರಿ. ಬೇರೆ ಮನೆಯವರೂ ತಮ್ಮ ತತ್ತಿ ತಂದು ಅವಳ ಕೈಯಿಂದಲೇ ಬುಟ್ಟಿಗೆ ಹಾಕಿಸುತ್ತಿದ್ದರು. ಮಣ್ಣಿನಲ್ಲಿ ಹೂತು ಹೋಗುವ ತಾಯಿಗಿಂತ ತನ್ನ ಹೇಂಟೆ ಎಷ್ಟೋ ಮೇಲು ಎಂದುಕೊಂಡು, ಮೂರೂ ಆಮೆ ತತ್ತಿಗಳನ್ನು ಅದರ ಹೊಟ್ಟೆಯಡಿ ಸರಿಸಿದಳು. ಹೇಂಟೆ ಒಮ್ಮೆ ಕುಟುಕಿ ನೋಡಿ, ರೆಕ್ಕೆ ಅಗಲಿಸಿ ಕೂತಿತು. ದಿನಾ ಸಂಜೆ ಶಂಕ್ರೆವ್ವ ತಾನೂ ತತ್ತಿಗಳನ್ನು ಹೊರಳಿಸಿ ಇಡುತ್ತಿದ್ದಳು. ಎಲ್ಲ ಕಡೆ ಕಾವು ಸಮ ಆಗಬೇಕಲ್ಲ. ಅಂಗಳದ ತುಂಬ ಆಮೆಮರಿ ಹರಿದಾಡಿದ ಹಾಗೆ, ಮೇಡಂ ಸ್ಕೂಟಿ ನಿಲ್ಲಿಸಿ 'ಶಂಕ್ರೆವ್ವಕ್ಕಾರ' ಎಂದು ಓಡಿ ಬಂದ ಹಾಗೆ, ಲಕ್ಕವ್ವ ಬದುವಿನಾಚೆ ನಿಂತು ಇಣುಕಿದ ಹಾಗೆ ಅವಳಿಗೆ ಕಾಣುತ್ತಿತ್ತು.

ಬಸಗೊಂಡಪ್ಪನಿಗೆ ಗೊತ್ತಾದ ದಿನ ಅವನು ನಕ್ಕು ನಕ್ಕು ಕೆಮ್ಮಿದ. "ಅಲ್ಲಲೇ, ಕೋಳಿ ಹೊಟ್ಟ್ಯಾಗಿಂದ ಬಂದ ಆಮಿ ಮುಂಜಾನೆದ್ದು ಕೂಗತೈತೋ, ಈಸತೈತೋ?" ಎಂದ. ಆಮೇಲೆ ನಗು ನಿಲ್ಲಿಸಿದ. "ಮೇಡಮ್ಮಾರಿಗೆ ತಿಳೀತಂದ್ರ ಅರಣ್ಯದವ್ರು ಬರ್ತಾರ. ವಾಪಸ್ ಇಟ್ಟು ಬಾ."

"ನನ್ನ ಪಾಲು ನಾ ತಂದೇನಿ. ನಿಮ್ಮಪ್ಪನ ಹೊಲದ ಬದು ಅದು, ನೀವೇ ಹಾಕಿದ್ದು."

ಕೋಳಿಯ ಇಪ್ಪತ್ತೊಂದು ದಿನ ಮುಗಿದವು. ಹೇಂಟೆ ಬೇಸರಗೊಂಡು ಬುಟ್ಟಿ ಬಿಟ್ಟು ಎದ್ದಿತು. ಶಂಕ್ರೆವ್ವ ಎರಡನೆಯ ಹೇಂಟೆಯನ್ನು ಕೂರಿಸಿದಳು. ಆಮೆಯಲ್ಲವೇ, ನಿಧಾನ ಇದ್ದೇ ಇರುತ್ತದೆ.

ಮೃಗಶಿರ ಮಳೆ ಹತ್ತಿರ ಬಂದಾಗ ಮೇಡಂ ಮತ್ತೆ ಬಂದಳು. ಮೋಡ ಕಟ್ಟಿತ್ತು. ಶಂಕ್ರೆವ್ವ ಚಹಾದ ನೆಪ ಮಾಡಿಕೊಂಡು ಬದುವಿಗೆ ಹೋದಳು. ಲಕ್ಕವ್ವ ಕೇಳುತ್ತಿದ್ದಳು: "ಮೇಡಮ್ಮಾರ, ಹೊಳಿ ಏರಿ ನೀರು ಬದುಕ್ಕ ಬಂದ್ರ ಏನ್ಮಾಡೂಣ್ರಿ? ತತ್ತಿ ಎತ್ತಿ ಮನ್ಯಾಗ ಇಡೂಣೇನು?"

"ಏ, ಬ್ಯಾಡ ಬ್ಯಾಡ!" ಎಂದಳು ಮೇಡಂ. "ಆಮಿ ತತ್ತಿ ಕೋಳಿ ತತ್ತಿ ಹಂಗಲ್ರಿ. ಕೋಳಿ ತತ್ತಿ ಹೊರಳಸ್ತಿರಬೇಕು. ಇದನ್ನ ಹೊರಳಿಸಿದ್ರ ಸತ್ತಂಗ. ಇಟ್ಟ ಒಂದೆರಡು ದಿನದಾಗ ಒಳಗಿನ ಜೀವ ಸಿಪ್ಪಿ ಮ್ಯಾಲ್ಭಾಗಕ್ಕ ಅಂಟಿಕೊಂಡು ಕುಂತಿರತೈತಿ. ಆಮ್ಯಾಲ ತಿರುವಿದ್ರ ಉಸಿರು ಕಟ್ಟತೈತಿ. ಹೆಣ್ಣಾಗೋದು ಗಂಡಾಗೋದು ಸೈತ ಆ ಮಣ್ಣಿನ ಬಿಸಿ ಮ್ಯಾಲ ಐತಿ. ನಮ್ಮ ಕೈ ಅಲ್ಲಿಗೆ ಹೋಗಬಾರ್ದು."

ಚಹಾದ ಕೆಟಲ್ ಶಂಕ್ರೆವ್ವನ ಕೈಯಲ್ಲಿ ತಣ್ಣಗಾಯಿತು. ಮನೆಗೆ ಬಂದು ಬುಟ್ಟಿಯ ಮುಂದೆ ಕೂತಳು. ಹೇಂಟೆ ಅವಳ ಕಣ್ಣೆದುರಿಗೇ ಕೊಕ್ಕಿನಿಂದ ಒಂದೊಂದೇ ತತ್ತಿಯನ್ನು ಹೊರಳಿಸಿ ಹೊಟ್ಟೆಯಡಿ ಎಳೆದುಕೊಂಡಿತು. ಅಷ್ಟು ನಿಷ್ಠೆಯಿಂದ. "ಸಾಯ್ಲಿ ನಿನ್ನ ಕಾವು!" ಎಂದು ಅವಳು ಹೇಂಟೆಯನ್ನು ಎತ್ತಿ ಅಂಗಳಕ್ಕೆ ಒಗೆದಳು. ಒಂದು ತತ್ತಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಒಂದು ಕಡೆ ಕಪ್ಪಗೆ ಹೆಪ್ಪುಗಟ್ಟಿದ ಹಾಗೆ ಏನೋ. ಅಲುಗಲಿಲ್ಲ.

ಆಮೇಲೆ ಅವಳ ತಲೆಗೆ ಬಂದ ವಿಚಾರ ಮೊದಲಿನದಕ್ಕಿಂತ ಕೆಟ್ಟದ್ದು. ಈ ಮೂರನ್ನು ಒಯ್ದು ಕುಣಿಯಲ್ಲೇ ಇಟ್ಟುಬಿಟ್ಟರೆ? ಮಳೆಗೆ ಮರಿ ಬರದಿದ್ದಾಗ ಮೇಡಂ ಅಗೆದು ನೋಡುತ್ತಾಳೆ, ಕೆಟ್ಟ ತತ್ತಿ ಕಾಣುತ್ತವೆ. ಕಾವಲಿಗಿದ್ದವಳು ಯಾರು? ಲಕ್ಕವ್ವ. ಆಮಿ ಲಕ್ಕವ್ವನ ಕೈಗುಣ ಊರಿಗೆ ತಿಳಿಯಲಿ. ಇಡುವಾಗ ಕೆಳಗಿನ ಮೂರು ಅಲುಗಿದರೆ ಅವೂ ಸಾಯುತ್ತವೆ ಎಂಬುದು ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸೆರಗು ಕಟ್ಟಿದಳು.

ಹೊತ್ತು ಇಳಿಯುವಾಗ ಬದುವಿನಲ್ಲಿ ಮೊಣಕಾಲೂರಿ ಮುಳ್ಳು ಸರಿಸಿದಳು. ಮೇಲಿನ ಗಟ್ಟಿ ಪದರ ಒಡೆದು ಬೆರಳು ಮಣ್ಣಿಗೆ ಇಳಿಸಿದಳು. ಒಳಗೆ ಬೆಚ್ಚಗಿತ್ತು. ಕೋಳಿಯ ಹೊಟ್ಟೆಯಂಥ ಬಿಸಿಯಲ್ಲ, ಸಂಜೆ ಗೋಡೆಗೆ ಒರಗಿದರೆ ಬೆನ್ನಿಗೆ ತಾಗುವಂಥದ್ದು. ಅವಳ ಬೆರಳು ಅಲ್ಲೇ ನಿಂತುಬಿಟ್ಟವು.

"ಯಾರದು? ಯಕ್ಕಾ? ಏನ್ಮಾಡಾಕತ್ತಿ?"

ಲಕ್ಕವ್ವ ಕುಡುಗೋಲು ಹಿಡಿದು ಹಿಂದೆ ನಿಂತಿದ್ದಳು. ಶಂಕ್ರೆವ್ವ ಗಕ್ಕನೆ ಎದ್ದಳು. ಸೆರಗು ಬಿಚ್ಚಿ ತತ್ತಿಗಳು ಹುಲ್ಲಿನ ಮೇಲೆ ಉರುಳಿದವು. ಅದರಲ್ಲಿ ಒಂದಕ್ಕೆ ಕೋಳಿಪುಕ್ಕ ಅಂಟಿತ್ತು.

ಲಕ್ಕವ್ವ ತತ್ತಿ ನೋಡಿದಳು, ಪುಕ್ಕ ನೋಡಿದಳು, ಕುಣಿ ನೋಡಿದಳು.

"ಬದು ಇಬ್ಬರದೂ!" ಎಂದು ಶಂಕ್ರೆವ್ವನೇ ಮೊದಲು ಚೀರಿದಳು. "ನನ್ನ ಪಾಲು ಒಯ್ದೀನಿ. ನಿನ್ನವು ಮೂರು ಒಳಗ ಅದಾವ, ನೋಡ್ಕೋ. ನಿನಗೊಬ್ಬಾಕಿಗೇ ಎಲ್ಲಾ ಬೇಕೇನು? ಮೇಡಮ್ಮನೂ ನಿನಗ, ಫೋಟೋನೂ ನಿನಗ. ಸಂತ್ಯಾಗ ನನ್ನ ಹೆಸರೇ ಹೋತು!"

ಲಕ್ಕವ್ವ ಬೈಯುತ್ತಾಳೆ ಎಂದು ಅವಳು ಕಾದಳು. ಕುಡುಗೋಲು ಎತ್ತಿದರೂ ಎತ್ತಲಿ ಎಂದು ಎದೆ ಮುಂದೆ ಮಾಡಿ ನಿಂತಳು. ಲಕ್ಕವ್ವ ಕೂತು ಮಣ್ಣು ಮುಚ್ಚಿದಳು, ಮೇಲೆ ಮುಳ್ಳು ಎಳೆದಳು. ಎದ್ದಾಗ ಕಣ್ಣು ಒದ್ದೆಯಾಗಿದ್ದವು, ಆದರೆ ದನಿ ಎಂದಿನ ಹಾಗೇ ಮೆತ್ತಗಿತ್ತು. "ಹೋಗ್ಲಿ ಬಿಡ ಯಕ್ಕಾ. ಆದದ್ದಾತು. ಮೇಡಮ್ಮಾರಿಗೆ ಮುಂಗಲಿ ಕೆದರೇತಿ ಅಂತೀನಿ. ನಿನ್ನ ಹೆಸರು ನನ್ನ ಬಾಯಾಗ ಬರಂಗಿಲ್ಲ."

ಅದೊಂದು ಮಾತು ಶಂಕ್ರೆವ್ವನ ಕಪಾಳಕ್ಕೆ ಬಾರಿಸಿದ ಹಾಗಾಯಿತು.

ಮರುದಿನ ಮುಂಜಾನೆ ಮೇಡಂ ಬಂದಳು. ಕೆದರಿದ ಮಣ್ಣು ನೋಡಿ ಮುಖ ಸಪ್ಪಗಾಯಿತು. ಬಸಗೊಂಡಪ್ಪ ದೂರದಲ್ಲಿ ನಿಂತು ಹೆಂಡತಿಗೆ ಸುಮ್ಮನಿರು ಎಂದು ಕಣ್ಣು ಮಾಡಿದ. ಲಕ್ಕವ್ವ ಹೇಳಿದಂತೆಯೇ ಮುಂಗುಸಿಯ ಮೇಲೆ ಹಾಕಿದಳು. "ಮುಂಗಲಿ ಬಂದಿತ್ರಿ ಮೇಡಮ್ಮಾರ. ಒಂದೀಟು ಕೆದರೇತಿ. ನಾನೇ ಕಣ್ಣಿಟ್ಟು ಕಾಯಬೇಕಿತ್ತು, ತಪ್ಪು ನಂದೇ."

"ನಿಮ್ಮ ತಪ್ಪೇನೈತ್ರಿ ಇದ್ರಾಗ" ಎಂದು ಮೇಡಂ ಅವಳ ಹೆಗಲಿಗೆ ಕೈ ಹಾಕಿದಳು. "ನಿಮ್ಮಂಗ ಯಾರು ಕಾಯ್ತಾರ್ರಿ? ನೀವು ಇಲ್ಲದಿದ್ರ ಇಷ್ಟೂ ಉಳೀತಿದ್ದಿಲ್ಲ."

ಶಂಕ್ರೆವ್ವ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹೆಸರು ಉಳಿಯುತ್ತಿತ್ತು, ಅರಣ್ಯದವರ ಅಂಜಿಕೆಯೂ ಇರುತ್ತಿರಲಿಲ್ಲ. ಆದರೆ ಹೆಗಲ ಮೇಲಿನ ಆ ಕೈಯನ್ನು ಅವಳಿಂದ ನೋಡಲಾಗಲಿಲ್ಲ. ಮಾಡಿದ್ದು ತಾನು, ತಡೆದುಕೊಂಡು ದೊಡ್ಡವಳಾಗುವವಳು ಅವಳು! ಇನ್ನು ಬದುಕಿರುವತನಕ ಬೀದಿಯಲ್ಲಿ ಎದುರಾದಾಗಲೆಲ್ಲ ಲಕ್ಕವ್ವ ಮೆತ್ತಗೆ ನಗುತ್ತಾಳೆ, ತಾನು ತಲೆ ತಗ್ಗಿಸಬೇಕು.

"ಮುಂಗಲಿ ಅಲ್ಲ, ನಾನು!" ಎಂದು ಅವಳು ಒದರಿದಳು. ಬೇವಿನ ಮರದ ಗುಬ್ಬಿಗಳು ಹಾರಿದವು. "ನಾನೇ ಮೂರು ತತ್ತಿ ಒಯ್ದು ಕೋಳಿ ಬುಡಕ ಇಟ್ಟಿದ್ನಿ. ಸತ್ತು ಹೋದುವು. ನಿನ್ನೆ ವಾಪಸ್ ಇಡಾಕ ಬಂದಿದ್ನಿ, ಈಕಿ ನೋಡ್ಯಾಳ. ನೋಡಿ ಮುಚ್ಚಾಕತ್ತಾಳ. ಸುಳ್ಳ ಹೇಳಿ ಪುಣ್ಯವಂತಿ ಆಗಾಕ ಹೊಂಟಾಳ್ರೀ ಈಕಿ! ಬರಕೋರ್ರಿ ನನ್ನ ಹೆಸರು, ಶಂಕ್ರೆವ್ವ ಬಸಗೊಂಡಪ್ಪ. ಯಾರನ್ನ ಕರೀತೀರಿ ಕರೀರಿ."

ಮೇಡಂ ಶಂಕ್ರೆವ್ವನತ್ತ ತಿರುಗಿದಳು. "ಕೋಳಿ ಬುಡಕ?" ಎಂದಷ್ಟೇ ಕೇಳಿದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಶಂಕ್ರೆವ್ವನ ಮನೆಯಿಂದ ತತ್ತಿ ತರಿಸಿಕೊಂಡು ಒಂದನ್ನು ಹುಷಾರಾಗಿ ಒಡೆದಳು. ಒಳಗೆ ಹೆಸರುಕಾಳಿಗಿಂತ ತುಸು ದೊಡ್ಡದಾದ ಒಂದು ಜೀವ ಅರ್ಧಕ್ಕೇ ನಿಂತುಬಿಟ್ಟಿತ್ತು. ಕಣ್ಣಿನ ಜಾಗದಲ್ಲಿ ಕರಿ ಚುಕ್ಕೆ. ಶಂಕ್ರೆವ್ವ ಬಗ್ಗಿ ನೋಡಿ ಮುಖ ತಿರುಗಿಸಿದಳು. ಅಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಕೆಟ್ಟ ತತ್ತಿ ಇವೇ ಮೊದಲು.

ಒಡೆದ ತತ್ತಿ ನೋಡಿದ್ದೇ ತಡ, ಲಕ್ಕವ್ವನ ಮೈಮೇಲೆ ಏನು ಬಂದಿತೋ. "ಕಳ್ಳಿ!" ಎಂದಳು. ಮೊದಲು ಸಣ್ಣಗೆ, ಆಮೇಲೆ ದಂಡೆಗೆಲ್ಲ ಕೇಳುವ ಹಾಗೆ. "ಕಳ್ಳಿ! ಸುಡಗಾಡ ಹೊಟ್ಟಿಕಿಚ್ಚಿನಾಕಿ! ಹೊಲ ನಿನಗ, ಬೋರು ನಿನಗ, ಆರತಿ ನಿನಗ. ಒಂದು ಆಮಿ ನನಗಿದ್ದಿದ್ದಕ್ಕ ನಿನ್ನ ಕಣ್ಣಾಗ ಬಿತ್ತೇನು? ನನ್ನ ಬದು ತುಳದಿ ಅಂದ್ರ ಕಾಲು ಮುರೀತೀನಿ ನೋಡು!"

"ಮುರಿ ಬಾ! ಬದು ಇಬ್ಬರದು ಅಂತ ಹೇಳೀನಿ!"

ಬಸಗೊಂಡಪ್ಪ ನಡುವೆ ಬಂದ. ಮೇಡಂ ಇಬ್ಬರ ಕೈ ಹಿಡಿದಳು. ಲಕ್ಕವ್ವ ಬಾಯಿಗೆ ಬಂದದ್ದೆಲ್ಲ ಬೈದಳು, ಶಂಕ್ರೆವ್ವನ ತವರಿನವರನ್ನೂ ಬಿಡಲಿಲ್ಲ. ಶಂಕ್ರೆವ್ವ ಸರಿಸಮ ಬೈದಳು. ಬೈದು ಬೈದು ಗಂಟಲು ಕಟ್ಟಿದಾಗ ಅವಳಿಗೆ ಆ ಮಧ್ಯಾಹ್ನ, ಎಷ್ಟೋ ದಿನದ ಮೇಲೆ, ಹೊಟ್ಟೆ ಹಸಿಯಿತು. ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ಮಳೆ ಬಿದ್ದು ಎರಡು ದಿನಕ್ಕೆ ಬದು ಬಿರುಕು ಬಿಟ್ಟಿತು. ಅರಣ್ಯದವರನ್ನು ಮೇಡಂ ಕರೆಸಿರಲಿಲ್ಲ. ಕಾವಲು ಇಬ್ಬರದೂ ಆಗಿತ್ತು. ಯಾರೂ ಒಪ್ಪಿಸಿದ್ದಲ್ಲ. ಲಕ್ಕವ್ವ ಕುಣಿಯ ಆಚೆ, ಶಂಕ್ರೆವ್ವ ಈಚೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಮುಖ ತಿರುಗಿಸಿ ಕೂತಿದ್ದರು. ಬೆಳಗಿನ ಜಾವ ಒಂದು ಮರಿ ತಲೆ ಹಾಕಿತು. ಅದರ ಹಿಂದೆ ಇನ್ನೊಂದು. ಮೂರನೆಯದು ಬರಲಿಲ್ಲ.

ಒಂದಾದರೂ ಈ ಕಡೆ ತಿರುಗಲಿ ಎಂದು ಶಂಕ್ರೆವ್ವ ಹಲ್ಲು ಕಚ್ಚಿ ನೋಡಿದಳು. ಬೋರಿನ ಸಿಹಿನೀರು ಈ ಕಡೆಯೇ ಇತ್ತಲ್ಲ. ಎರಡೂ ಮರಿ ಒಂದು ಗಳಿಗೆ ನಿಂತು, ಮೂಗು ಎತ್ತಿ, ತಗ್ಗಿನತ್ತ ಇಳಿಯತೊಡಗಿದವು. ರೂಪಾಯಿ ಬಿಲ್ಲೆಗಿಂತ ತುಸು ದೊಡ್ಡ ಚಿಪ್ಪು, ಅಷ್ಟರಲ್ಲೇ ಎಂಥ ಅವಸರ! ಅವಳ ಹೊಟ್ಟೆಯಲ್ಲಿ ಹಳೆಯ ಉರಿ ಮತ್ತೆ ಎದ್ದಿತು.

ಬೇವಿನ ಮರದಿಂದ ಕಾಗೆಯೊಂದು ಹಾರಿ ಬಂದು ದಾರಿಯಲ್ಲಿ ಇಳಿಯಿತು. ಲಕ್ಕವ್ವ ಏಳುವಷ್ಟರಲ್ಲಿ ಶಂಕ್ರೆವ್ವನ ಕೈಯಿಂದ ಮಣ್ಣಿನ ಉಂಡೆ ಹಾರಿತ್ತು. ಕಾಗೆ ಮೇಲೆದ್ದಿತು, ಮತ್ತೆ ಇಳಿಯಿತು. ಅವಳು ಕೆಸರಿನಲ್ಲಿ ಜಾರುತ್ತ ಮರಿಗಳ ಹಿಂದೆಯೇ ಓಡಿದಳು, ಲಕ್ಕವ್ವನ ಪಾಲಿಗೇ ನುಗ್ಗಿ, ಕೈಗೆ ಸಿಕ್ಕ ಮಣ್ಣು ಎತ್ತಿ ಒಗೆಯುತ್ತ.

"ನಡೀರಿ, ನಡೀರಿ! ಆಕಿ ತಗ್ಗಿಗೇ ಹೋಗಿ ಸಾಯ್ರಿ, ಬಿರ್ರನ ಹೋಗ್ರಿ!"

ಮರಿಗಳು ಜೊಂಡಿನೊಳಗೆ ಕಾಣದಾಗುವವರೆಗೂ ಅವಳು ಕೂಗುತ್ತಲೇ ಇದ್ದಳು.